ತಲುಪದ ಮಾತು

ಮಕ್ಕಳೇ, ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ–ಮುಧೋಳ ರಸ್ತೆಯಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂದರೆ ಬಸ್ಸನ್ನು ಬದಿಗೆ ನಿಲ್ಲಿಸಬಹುದು. ವಿಮಾನವನ್ನು ಆಕಾಶದಲ್ಲಿ ಹಾಗೆ ನಿಲ್ಲಿಸಲಾಗದು. ಅದಕ್ಕೇ ನೆಲದ ಮೇಲೆ ಕುಳಿತ ವಾಯು ಸಂಚಾರ ನಿಯಂತ್ರಕರು ವಿಮಾನಗಳ ನಡುವೆ ಅಂತರ ಕಾಯುತ್ತಾರೆ. ಒಂದರ ಮೇಲೊಂದು ಹಾಯುವಾಗ ಸಾಮಾನ್ಯವಾಗಿ 1000 ಅಡಿಯಾದರೂ ಇರಬೇಕು.

2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನಲ್ಲಿ ಈ ಅಂತರ ತಪ್ಪಿತು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಉತ್ತರಕ್ಕೊಂದು, ದಕ್ಷಿಣಕ್ಕೊಂದು ರನ್‌ವೇ ಇವೆ. ಅಂದು ದಕ್ಷಿಣದ್ದನ್ನು ಮುಚ್ಚಿ ಉತ್ತರದ್ದನ್ನಷ್ಟೇ ಬಳಸುವುದೆಂದು ತೀರ್ಮಾನವಾಯಿತು. ಆ ಮಾತು ದಕ್ಷಿಣದ ಟವರಿನವರಿಗೆ ತಲುಪಲಿಲ್ಲ. ಕೋಲ್ಕತ್ತದ ವಿಮಾನ ದಕ್ಷಿಣದಿಂದ, ಭುವನೇಶ್ವರದ್ದು ಉತ್ತರದಿಂದ ಒಟ್ಟಿಗೇ ಮೇಲೇರಿ, ಪರಸ್ಪರ ಹತ್ತಿರವಾಗತೊಡಗಿದವು. ಒಳಗೆ 400ಕ್ಕೂ ಹೆಚ್ಚು ಜನ! ರೇಡಾರ್ ನೋಡುತ್ತಿದ್ದ ಇನ್ನೊಬ್ಬ ನಿಯಂತ್ರಕರು ಇದನ್ನು ಗಮನಿಸಿ, ಬೇರೆ ಬೇರೆ ದಿಕ್ಕಿಗೆ ತಿರುಗಲು ಹೇಳಿದರು. ಎಲ್ಲರೂ ಉಳಿದರು.

ಪೈಲಟ್‌ಗಳು ತಮಗೆ ಕೊಟ್ಟ ಸೂಚನೆಯನ್ನು ತಿರುಗಿ ಹೇಳುತ್ತಾರೆ. ಮಾತು ಸರಿಯಾಗಿ ಮುಟ್ಟಿತೆಂದು ಹಾಗೆ ಖಾತ್ರಿಯಾಗುತ್ತದೆ. ಮನೆಗೂ ಇದೇ ನಿಯಮ ಒಳ್ಳೆಯದು. ಶಾಲೆ ಬಿಟ್ಟು ಗೆಳೆಯನ ಮನೆಗೆ ಹೋಗುವುದಿದ್ದರೆ, ಬಾಗಿಲಲ್ಲಿ ಕಾಯುವ ಅಜ್ಜಿಗೆ ಮೊದಲೇ ಹೇಳಿ. ಅಜ್ಜಿಯರೇ, ಕೇಳಿದ್ದನ್ನು ನೀವೂ ಒಮ್ಮೆ ತಿರುಗಿ ಹೇಳಿ.