ತೆರೆಯ ಮೇಲೆ ಗಾನಯೋಗಿ

ಚಿಂದೋಡಿ ಬಂಗಾರೇಶರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ (1995) ಚಿತ್ರವನ್ನು ಮೊನ್ನೆ ಪಂಜದ ನಮ್ಮ ಮನೆಯಲ್ಲಿ ಮಕ್ಕಳೊಡನೆ ಮತ್ತೆ ನೋಡಿದೆವು. ಸಂಗೀತವೇ ಅದರ ಜೀವಾಳ. ಹಂಸಲೇಖರಿಗೂ ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ತಂದಿತು. ಆದರೆ ಪೂಜ್ಯಮೂರ್ತಿ ಕಂಡಷ್ಟು ಸ್ಫುಟವಾಗಿ ಸಾಧಕನು ಕಾಣಲಿಲ್ಲ. “ಅಜ್ಜಾ, ಗವಾಯಿಗಳು ಕಲಿಯದೆಯೇ ಹಾಡಿದರೆ?” ಎಂದು ಮೊಮ್ಮಗಳು ಕೇಳಿಯೇಬಿಟ್ಟಳು.

ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಆ ಬಾಲಕನನ್ನು ಹಾನಗಲ್ಲ ಕುಮಾರಸ್ವಾಮಿಗಳು ಕಲಿಕೆಗೆ ಹಚ್ಚಿದರು. ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳನ್ನು ವರ್ಷಗಟ್ಟಲೆ ಕೇಳಿ ಕೇಳಿ ಕಂಠದಲ್ಲಿ ನಿಲ್ಲಿಸಿಕೊಂಡದ್ದು ಸಾಮಾನ್ಯ ತಪಸ್ಸಲ್ಲ. ಮುಂದೆ ಅಂಧರಿಗೆ, ಅನಾಥರಿಗೆ ಅನ್ನವಿಕ್ಕಿ ಕಲಿಸಿದರು. ಪುಟ್ಟರಾಜರೂ ಬಸವರಾಜ ರಾಜಗುರುಗಳೂ ಆ ಮಡಿಲಿನವರೇ. ತೆರೆಯ ಮೇಲೆ ಆ ಅಭ್ಯಾಸಕ್ಕೆ ಇನ್ನೊಂದು ಕಾಲು ಗಂಟೆ ದೊರೆತಿದ್ದರೆ ಮಗು ಹಾಗೆ ಕೇಳುತ್ತಿರಲಿಲ್ಲ.