ಸೋಮವಾರಪೇಟೆಯಿಂದ ಉಲ್ಕಾವರ್ಷ ಕಾಣುತ್ತದೆಯೇ?

ಆಗಸ್ಟ್ 12ರ ರಾತ್ರಿ ಆಕಾಶದಲ್ಲಿ ಉಲ್ಕೆಗಳ ಮಳೆ ಎಂಬ ಸುದ್ದಿ ವರ್ಷ ವರ್ಷವೂ ಬರುತ್ತದೆ. ಸೋಮವಾರಪೇಟೆಯ ಮಕ್ಕಳು ಆ ರಾತ್ರಿ ಬಾಗಿಲು ತೆರೆದರೆ ಕಾಣುವುದು ನಿಜವಾದ ಮಳೆಯೇ. ಶಾಂತಳ್ಳಿ ಕಡೆಯವರಿಗಂತೂ ಆ ದಿನಗಳಲ್ಲಿ ಎದುರಿನ ಪುಷ್ಪಗಿರಿಯೇ ಕಾಣದು, ಇನ್ನು ನಕ್ಷತ್ರದ ಮಾತೆಲ್ಲಿ? 'ಅವೆಲ್ಲ ವಿದೇಶದವರಿಗೆ, ನೀನು ಮಲಗು' ಎಂದು ಹಿರಿಯರು ಹೇಳಿದರೆ ಮಗು ನಂಬಿಬಿಡುತ್ತದೆ. ಆ ಮಾತು ಅರ್ಧ ಮಾತ್ರ ನಿಜ.

ಧೂಮಕೇತುಗಳು ತಮ್ಮ ದಾರಿಯುದ್ದಕ್ಕೂ ಧೂಳು ಚೆಲ್ಲಿ ಹೋಗುತ್ತವೆ. ಭೂಮಿ ಆ ಧೂಳನ್ನು ಹಾಯುವಾಗ ಕಣಗಳು ಸುಮಾರು 100 ಕಿ.ಮೀ. ಎತ್ತರದಲ್ಲಿ ಉರಿದು ಹೊಳೆಯುತ್ತವೆ. ಅವು ಸಮಾಂತರವಾಗಿ ಬಂದರೂ ಒಂದೇ ಬಿಂದುವಿನಿಂದ ಚಿಮ್ಮಿದಂತೆ ತೋರುತ್ತವೆ. ದೂರದಲ್ಲಿ ರೈಲು ಹಳಿಗಳು ಕೂಡಿದಂತೆ ಕಾಣುವುದಿಲ್ಲವೇ, ಹಾಗೆ. (ಕೊಡಗಿನಲ್ಲಿ ರೈಲಿಲ್ಲ; ಚಿತ್ರದಲ್ಲಾದರೂ ನೋಡಿರುತ್ತೀರಿ.) ಈ ಬಿಂದು ನಿಮ್ಮ ಆಕಾಶದಲ್ಲಿ ಎಷ್ಟು ಮೇಲಿದೆಯೋ ಅಷ್ಟು ಹೆಚ್ಚು ಉಲ್ಕೆಗಳು.

ಆಗಸ್ಟಿನ ಪರ್ಸೀಡ್ಸ್ ಉಲ್ಕೆಗಳ ಬಿಂದು ಬಹಳ ಉತ್ತರದಲ್ಲಿದೆ. ಇಂಗ್ಲೆಂಡಿನವರಿಗೆ ಬೆಳಗಿನ ಜಾವ ಅದು ಹೆಚ್ಚು ಕಡಿಮೆ ನೆತ್ತಿಯ ಮೇಲೆ. ಸೋಮವಾರಪೇಟೆಯ ಅಕ್ಷಾಂಶ ಸುಮಾರು 12.6 ಡಿಗ್ರಿ. ಇಲ್ಲಿ ಅದು ಹುಟ್ಟುವುದೇ ರಾತ್ರಿ ಹತ್ತೂಮುಕ್ಕಾಲರ ಹೊತ್ತಿಗೆ, ಏರುವುದು 45 ಡಿಗ್ರಿಯಷ್ಟೇ. ಮೋಡವಿಲ್ಲದಿದ್ದರೂ ನಮ್ಮ ಪಾಲು ಕಡಿಮೆಯೇ. ಕೆಲವೊಮ್ಮೆ ಗಡಿಯಾರವೂ ಕೈಕೊಡುತ್ತದೆ. 1999ರ ನವೆಂಬರ್ 18ರಂದು ಲಿಯೊನಿಡ್ಸ್ ಉಲ್ಕೆಗಳು ಯೂರೋಪು ಮತ್ತು ಪಶ್ಚಿಮ ಏಷ್ಯಾದಲ್ಲಿ ಬಿರುಮಳೆಯಂತೆ ಸುರಿದಾಗ ನಮ್ಮಲ್ಲಿ ಬೆಳಿಗ್ಗೆ ಏಳೂವರೆ, ಸೂರ್ಯ ಮೇಲೆದ್ದಾಗಿತ್ತು.

ಕೊಡಗಿನವರ ಉಲ್ಕಾವರ್ಷ ಡಿಸೆಂಬರಿನದು. ಡಿಸೆಂಬರ್ 13 ಮತ್ತು 14ರ ನಡುವಿನ ರಾತ್ರಿ ಬರುವ ಜೆಮಿನಿಡ್ಸ್ ಇಂದು ವರ್ಷದ ಅತ್ಯಂತ ಸಮೃದ್ಧ ಉಲ್ಕಾವರ್ಷಗಳಲ್ಲೊಂದು. ಇದರ ಮೂಲ ಧೂಮಕೇತುವಲ್ಲ, 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ. ಚಿಮ್ಮುವ ಬಿಂದು ಮಿಥುನ ರಾಶಿಯಲ್ಲಿ, ಪುನರ್ವಸುವಿನ ಜೋಡಿ ತಾರೆಗಳ ಹತ್ತಿರವಿದೆ. ಅದು ರಾತ್ರಿ ಎಂಟಕ್ಕೆ ಈಶಾನ್ಯದಲ್ಲಿ ಹುಟ್ಟಿ, ಎರಡು ಗಂಟೆ ದಾಟಿದ ಮೇಲೆ 70 ಡಿಗ್ರಿ ಎತ್ತರ ಮುಟ್ಟುತ್ತದೆ. ಅಬ್ಬರ ಸುಮಾರು ಒಂದು ದಿನ ಇರುವುದರಿಂದ ಗಡಿಯಾರದ ತಂಟೆಯೂ ಇಲ್ಲ. ಹತ್ತು ಗಂಟೆಗೇ ನೋಡಲು ಶುರುಮಾಡಬಹುದು. ಮರುದಿನ ಶಾಲೆ ಇದ್ದವರಿಗೆ ಇದೇ ದೊಡ್ಡ ಅನುಕೂಲ.

ಗಂಟೆಗೆ 120 ಅಥವಾ 150 ಎಂಬ ಅಂಕಿಗಳನ್ನು ನೋಡಿ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಅದು ಬಿಂದು ನೆತ್ತಿಯ ಮೇಲಿದ್ದು, ಕಡುಗತ್ತಲಿದ್ದಾಗಿನ ಲೆಕ್ಕ. ಪೇಟೆಯ ದೀಪಗಳ ನಡುವೆ ಗಂಟೆಗೆ ಹತ್ತು ಹದಿನೈದು ಕಂಡರೂ ಚೆನ್ನಾಗಿಯೇ ಕಂಡಂತೆ. ಮೊದಲು ಪಂಚಾಂಗ ನೋಡಿ. ಹುತ್ತರಿಯ ಹುಣ್ಣಿಮೆ ಅದೇ ದಿನಗಳಲ್ಲಿ ಬಂದ ವರ್ಷ ಬೆಳದಿಂಗಳೇ ಮಂಕು ಉಲ್ಕೆಗಳನ್ನು ನುಂಗಿಬಿಡುತ್ತದೆ. ಶುಕ್ಲಪಕ್ಷದ ಅಷ್ಟಮಿಯೊಳಗಾದರೆ ಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗಿರುತ್ತಾನೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಿದ್ದರೆ ಡಿಸೆಂಬರಿನಲ್ಲೂ ಮೋಡವೇ. ಕಣದಲ್ಲಿ ಕಾಫಿ ಹರಡಿದವರಿಗೆ ಆ ಸುದ್ದಿ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ.

ದೂರದರ್ಶಕ ಬೇಡ, ದುರ್ಬೀನೂ ಬೇಡ. ಮನೆಯ ತಾರಸಿಯೋ ಕಾಫಿ ಕಣವೋ ಸಾಕು. ಚಾಪೆ ಹಾಸಿ, ಕಂಬಳಿ ಹೊದ್ದು ಅಂಗಾತ ಮಲಗಿ, ಆಕಾಶದ ಅತಿ ಕತ್ತಲ ಭಾಗವನ್ನು ನೋಡುತ್ತಿರಿ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಬೇಕು. ನಡುವೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ. ಕತ್ತಲು ಹುಡುಕಿಕೊಂಡು ತೋಟದ ದಾರಿ ಹಿಡಿಯುವುದು ಮಾತ್ರ ಬೇಡ. ಕಾಡಾನೆ ಓಡಾಡುವ ಸೀಮೆಯಲ್ಲಿ ಹತ್ತು ಉಲ್ಕೆ ಕಡಿಮೆ ಕಂಡರೂ ಅಂಗಳವೇ ಲೇಸು, ಅದೂ ದೊಡ್ಡವರ ಜೊತೆಯಲ್ಲಿ.

ಪ್ರತಿ ಹದಿನೈದು ನಿಮಿಷಕ್ಕೆ ಎಷ್ಟು ಕಂಡವು ಎಂದು ಬರೆದಿಡಿ. ಪೂರ್ವ ದಿಗಂತದಿಂದ ಇಪ್ಪತ್ತೈದು ಡಿಗ್ರಿ ಮೇಲೆ ಒಂದು ಹೊಳೆದರೆ ಗುರುತು ಮಾಡಿಕೊಳ್ಳಿ: ಅದು ಉರಿದದ್ದು ಹೆಚ್ಚು ಕಡಿಮೆ ಬೆಂಗಳೂರಿನ ನೆತ್ತಿಯ ಮೇಲೆ. ಅಲ್ಲಿನ ದೀಪಗಳ ಬೆಳಕಿನಲ್ಲಿ ಅಲ್ಲಿಯವರಿಗೆ ಅದು ಕಂಡಿತೋ ಇಲ್ಲವೋ, ನೆಂಟರಿದ್ದರೆ ಕೇಳಿ ನೋಡಿ.