ಚಿಮಣಿಯ ಮೀಟರ್‌ಗೆ ಮುದ್ರೆ ಒತ್ತುವವರು ಯಾರು?

ಸಿಮೆಂಟ್, ಉಕ್ಕು, ಶಾಖೋತ್ಪನ್ನ ವಿದ್ಯುತ್ ಸೇರಿದಂತೆ ಹೆಚ್ಚು ಮಾಲಿನ್ಯಕಾರಿಯಾದ 17 ಬಗೆಯ ಉದ್ಯಮಗಳು ಚಿಮಣಿಗೆ ಆನ್‌ಲೈನ್ ಮೀಟರ್ ಕೂರಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಆದೇಶಿಸಿದ್ದು 2014ರಲ್ಲಿ. ಮೀಟರ್‌ಗಳು ಬಂದವು. ಅಂಕಿಗಳು ಹಗಲಿರುಳೂ ಮಂಡಳಿಯ ಸರ್ವರ್‌ಗೆ ಹರಿಯುತ್ತಿವೆ. ಮಿತಿ ದಾಟಿದರೆ ಎಸ್‌ಎಂಎಸ್ ಹೋಗುತ್ತದೆ. ಆದರೆ ಮೀಟರ್ ತೋರಿಸುವ ಅಂಕಿ ನಿಜವೇ?

ಚಿಮಣಿಯ ದೂಳು ಮೀಟರ್ ಸಾಮಾನ್ಯವಾಗಿ ದೂಳನ್ನು ತೂಗುವುದಿಲ್ಲ. ಹೊಗೆಯೊಳಗೆ ಬೆಳಕು ಹಾಯಿಸಿ, ಅದು ಎಷ್ಟು ಚದುರಿತು ಅಥವಾ ಮಂಕಾಯಿತು ಎಂಬುದರಿಂದ ದೂಳಿನ ಪ್ರಮಾಣವನ್ನು ಅಂದಾಜಿಸುತ್ತದೆ. ಕಲ್ಲಿದ್ದಲು ಬದಲಾದರೆ ಬೂದಿಯ ಕಣಗಳೂ ಬದಲಾಗುತ್ತವೆ, ಅಂದಾಜು ತಪ್ಪುತ್ತದೆ. ಹಾಗಾಗಿ ಚಿಮಣಿಯಲ್ಲಿ ಹೊಗೆ ಹರಿಯುವ ವೇಗದಲ್ಲೇ ಅದನ್ನು ಎಳೆದು, ಫಿಲ್ಟರ್‌ನಲ್ಲಿ ಹಿಡಿದು ತೂಗಿ, ಮೀಟರಿನ ಲೆಕ್ಕದೊಡನೆ ತಾಳೆ ನೋಡಬೇಕು. ಯುರೋಪಿನ ಇಎನ್ 14181 ಮಾನದಂಡ ಇಂಥ ಕನಿಷ್ಠ 15 ಜೋಡಿ ಅಳತೆಗಳನ್ನು ಮೂರು ದಿನಗಳಿಗಾದರೂ ಹರಡಿ ಮಾಡಬೇಕೆನ್ನುತ್ತದೆ. ಆಮೇಲೆ ಪ್ರತಿವರ್ಷವೂ ಮರುಪರೀಕ್ಷೆ. ನಮ್ಮಲ್ಲಿ ಸಂತೆಯ ತಕ್ಕಡಿಗೂ ಇಲಾಖೆಯ ಮುದ್ರೆ ಬೇಕು. ಚಿಮಣಿ ಮೀಟರನ್ನು ಸರಿಹೊಂದಿಸುವ ಹೊಣೆ ಮಾತ್ರ ಬಹುಮಟ್ಟಿಗೆ ಕಾರ್ಖಾನೆಯದೇ.

ಮೀಟರ್ ಸರಿಯಿದ್ದರೂ ಲೆಕ್ಕ ತಪ್ಪಬಹುದು. ಒಂದು ವಿದ್ಯುತ್ ಘಟಕದ ದೂಳಿನ ಮಿತಿ ಘನಮೀಟರಿಗೆ 50 ಮಿಲಿಗ್ರಾಂ, ಮೀಟರ್ ತೋರಿಸುತ್ತಿರುವುದು 40 ಎಂದುಕೊಳ್ಳಿ. ಮೇಲುನೋಟಕ್ಕೆ ಎಲ್ಲ ಸರಿ. ಆದರೆ ಹೊಗೆಯಲ್ಲಿ ಶೇ 12ರಷ್ಟು ಆಮ್ಲಜನಕವಿದ್ದರೆ, ಹೊರಗಿನ ಗಾಳಿ ಸೇರಿ ಹೊಗೆ ತೆಳುವಾಗಿದೆ ಎಂದರ್ಥ. ನಿಗದಿಯಾದ ಶೇ 6ರ ಆಮ್ಲಜನಕಕ್ಕೆ ಲೆಕ್ಕ ತಿದ್ದಿದರೆ 40 ಎಂಬುದು ಸುಮಾರು 67 ಆಗುತ್ತದೆ. ಆಮ್ಲಜನಕದ ಅಂಕಿಯಿಲ್ಲದೆ ದೂಳಿನ ಅಂಕಿಯೊಂದನ್ನೇ ಪ್ರಕಟಿಸುವುದು ಅರ್ಧ ಸತ್ಯ.

ಅಳೆಯುವವನಿಗೆ ದುಡ್ಡು ಕೊಡುವವರು ಯಾರು ಎಂಬುದಕ್ಕೂ ಅಂಕಿಗೂ ಇರುವ ನಂಟನ್ನು ಗುಜರಾತ್ ತೋರಿಸಿಕೊಟ್ಟಿದೆ. ಅಲ್ಲಿ 1996ರ ಹೈಕೋರ್ಟ್ ಆದೇಶದಂತೆ ಖಾಸಗಿ ಪರಿಶೋಧಕರು ಕಾರ್ಖಾನೆಗಳನ್ನು ತಪಾಸಣೆ ಮಾಡುತ್ತಿದ್ದರು. ಅವರನ್ನು ಆರಿಸುತ್ತಿದ್ದುದೂ ಶುಲ್ಕ ಕೊಡುತ್ತಿದ್ದುದೂ ಕಾರ್ಖಾನೆಯೇ. ಎಸ್ತರ್ ಡುಫ್ಲೊ (ಮುಂದೆ ನೊಬೆಲ್ ಪಡೆದವರು) ಮತ್ತು ಸಂಗಡಿಗರು ರಾಜ್ಯ ಮಂಡಳಿಯ ಜತೆಗೂಡಿ ಮರುಪರೀಕ್ಷೆ ನಡೆಸಿದರು. ಪರಿಶೋಧಕರ ವರದಿಯಂತೆ ದೂಳಿನ ಮಿತಿ ಮೀರಿದ್ದು ಶೇ 7 ಘಟಕಗಳು. ನಿಜದಲ್ಲಿ ಶೇ 59. ಮಿತಿ 150 ಮಿಲಿಗ್ರಾಂ, ವರದಿಗಳ ಅಂಕಿಗಳೋ ಅದಕ್ಕಿಂತ ಕೊಂಚ ಕೆಳಗೆ ಬಂದು ಸಾಲುಗಟ್ಟಿ ನಿಂತಿದ್ದವು! ಪರಿಶೋಧಕರನ್ನು ಚೀಟಿ ಎತ್ತಿದಂತೆ ನಿಯೋಜಿಸಿ, ಸಾಮಾನ್ಯ ನಿಧಿಯಿಂದ ಶುಲ್ಕ ಕೊಟ್ಟು, ಕೆಲವು ಅಳತೆಗಳನ್ನು ಮತ್ತೊಬ್ಬರಿಂದ ಪರೀಕ್ಷಿಸಿದಾಗ ಸುಳ್ಳು ವರದಿ ಶೇ 80ರಷ್ಟು ಇಳಿಯಿತು. ಕಾರ್ಖಾನೆಗಳ ಮಾಲಿನ್ಯವೂ ತಗ್ಗಿತು.

ಕಾನೂನಿನ ತೊಡಕು ಬೇರೆ ಇದೆ. 1981ರ ವಾಯು ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ನೋಟಿಸ್ ಕೊಟ್ಟು, ಮಾದರಿ ತೆಗೆದು, ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರಷ್ಟೇ ಅದರ ಫಲಿತಾಂಶ ಸಾಕ್ಷ್ಯ. ಸರ್ವರ್‌ಗೆ ಬಿದ್ದ ಅಂಕಿಗೆ ಆ ಬಲವಿಲ್ಲ. 2024ರ ಏಪ್ರಿಲ್‌ನಿಂದ ಈ ಕಾಯ್ದೆಯ ಬಹುಪಾಲು ಉಲ್ಲಂಘನೆಗಳಿಗೆ ಜೈಲಿನ ಬದಲು ₹10 ಸಾವಿರದಿಂದ ₹15 ಲಕ್ಷದವರೆಗೆ ದಂಡ ಬಂದಿದೆ. ದಂಡಕ್ಕಾದರೂ ನಂಬಲರ್ಹ ಅಂಕಿ ಬೇಡವೇ?

ಕೇಂದ್ರದ 2025ರ ಪರಿಸರ ಲೆಕ್ಕಪರಿಶೋಧನಾ ನಿಯಮಗಳು ಪರಿಶೋಧಕರನ್ನು ಯಾದೃಚ್ಛಿಕವಾಗಿ ನಿಯೋಜಿಸುತ್ತವೆ. ಸ್ವಾಗತಾರ್ಹವೇ. ಆದರೆ ಗುಜರಾತಿನಲ್ಲಿ ಫಲ ಕೊಟ್ಟಿದ್ದು ಚೀಟಿ ಎತ್ತಿದ್ದೊಂದೇ ಅಲ್ಲ. ಸಾಮಾನ್ಯ ನಿಧಿ ಮತ್ತು ಮರುಪರೀಕ್ಷೆಯೂ ಜತೆಗಿದ್ದವು. ಚಿಮಣಿ ಮೀಟರ್‌ಗಳ ತಾಳೆಪರೀಕ್ಷೆಗೂ ಈ ಮೂರನ್ನೂ ಅನ್ವಯಿಸುವ ಕೆಲಸವನ್ನು ರಾಜ್ಯ ಮಂಡಳಿ ರಾಯಚೂರು, ಬಳ್ಳಾರಿಯ ವಿದ್ಯುತ್ ಸ್ಥಾವರಗಳಿಂದಲೇ ಆರಂಭಿಸಬಹುದು. ಅವು ಸರ್ಕಾರದವೇ, ಒಪ್ಪಿಸುವುದೇನೂ ಕಷ್ಟವಾಗಲಾರದು.